ಮಾವನ ಟೇಬಲ್ಲು, ಅಕ್ಕನ ಗಲ್ಲಾ

ನಮ್ಮ ಮಾವ ಬ್ರಹ್ಮಚಾರಿ ಎಂದು ಹೇಳುವವರು ಯಾರೂ ಅವರ ಟೇಬಲ್ಲನ್ನು ನೋಡಿದವರಲ್ಲ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನಿಂದ ಹೊರಬಿದ್ದು, ಹೂವಿನವರನ್ನೂ ರಿಕ್ಷಾದವರನ್ನೂ ದಾಟಿದರೆ ಸಿಗುವ ಒಂದು ಉಡುಪಿ ಹೋಟೆಲಿನಲ್ಲಿ, ಕೈತೊಳೆಯುವ ಬೇಸಿನ್ನಿಗೂ ಗೋಡೆಗನ್ನಡಿಗೂ ನಡುವೆ, ಆ ಟೇಬಲ್ಲಿನೊಂದಿಗೆ ಅವರು ಸಂಸಾರ ನಡೆಸುತ್ತಿದ್ದರು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಊಟ, ಸಂಜೆ ಕಾಫಿ. ಜಗಳ, ಮುನಿಸು, ಸಂಶಯ ಎಲ್ಲವೂ ಆ ದಾಂಪತ್ಯದಲ್ಲಿತ್ತು. ಬೇರೆ ಯಾರಾದರೂ ಅದರ ಮೇಲೆ ಮೊಣಕೈ ಊರಿದ್ದು ಕಂಡರೆ ಮಾವನ ಮುಖ ಹೇಗಾಗುತ್ತಿತ್ತು ಎಂಬುದನ್ನು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ!

ಈಗ ನಗುನಗುತ್ತ ಬರೆಯುತ್ತಿದ್ದೇನೆ. ಆದರೆ ಬರೆಯಲು ಕೂರುವ ಮೊದಲು ತಲೆಯೆತ್ತಿ ನಮ್ಮ ಮನೆಯ ಸೀಲಿಂಗನ್ನು ಒಮ್ಮೆ ನೋಡಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ. ಆ ಭಾನುವಾರದಿಂದ ಅಂಟಿಕೊಂಡ ಚಾಳಿ ಇದು. ಯಾವ ಹೋಟೆಲಿಗೆ ಹೋದರೂ ಮೊದಲು ಮೇಲ್ಛಾವಣಿ, ಮೆನು ಆಮೇಲೆ. ಠಾಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ನನ್ನನ್ನು ದೊಡ್ಡ ದೈವಭಕ್ತನೆಂದು ತಿಳಿದಿದ್ದಾರೆ. ಊಟಕ್ಕೆ ಮುಂಚೆ ಮೇಲೆ ನೋಡಿ ಬಾಯೊಳಗೇ ಏನೋ ಗೊಣಗುತ್ತಾನಲ್ಲ, ಎಂಥ ಸಂಸ್ಕಾರವಂತ! ನಾನು ಗೊಣಗುವ ಮಂತ್ರ ಇಷ್ಟೆ: "ಬಿರುಕಿಲ್ಲ, ತೇವವಿಲ್ಲ, ಕೂರಬಹುದು."

ಮಾವ ಅಂದರೆ ನನ್ನ ಅಮ್ಮನ ತಮ್ಮ. ಹರೆಯದಲ್ಲಿ ಉಡುಪಿ ಕಡೆಯಿಂದ ಬಂದು, ಠಾಣೆಯ ಒಂದು ಔಷಧ ಕಂಪೆನಿಯಲ್ಲಿ ಗುಮಾಸ್ತಗಿರಿ ಮಾಡಿ, ಲೋಕಲ್ ಟ್ರೇನಿನಲ್ಲಿ ನಿಂತೂ ನಿಂತೂ ನಿವೃತ್ತರಾದವರು. ಅವರಿಗೆ ಸ್ವಂತ ಫ್ಲಾಟಿತ್ತು. ಫ್ಲಾಟಿನಲ್ಲಿ ಅಡುಗೆಮನೆ ಇತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಮುರಿದ ಛತ್ರಿಗಳಿದ್ದವು. ಅಮ್ಮ ಕನಿಕರಪಟ್ಟು ಒಂದು ಕುಕ್ಕರ್ ಕೊಡಿಸಿದಳು. ಮುಂದಿನ ಸಲ ಹೋಗಿ ಮುಚ್ಚಳ ತೆಗೆದರೆ ಒಳಗೆ ಬೂಟ್ ಪಾಲಿಶ್, ಬ್ರಶ್ಶು ಮತ್ತು ಕಾಲುಚೀಲಗಳು!

"ಇದೆಂತ ಮಾರಾಯ ನಿಂದು?" ಅಮ್ಮ ಹಣೆ ಚಚ್ಚಿಕೊಂಡಳು.

"ಮುಚ್ಚಳ ಗಟ್ಟಿ ಕೂರ್ತದೆ. ಜಿರಳೆ ಹೋಗುದಿಲ್ಲ. ಒಳ್ಳೇ ಸಾಮಾನು," ಎಂದು ಮಾವ ಕುಕ್ಕರನ್ನು ಮನಸಾರೆ ಹೊಗಳಿದರು.

ಹೋಟೆಲಿನಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಮೆನು ಕಾರ್ಡನ್ನು ಮುಟ್ಟಿದವರಲ್ಲ. ಅದು ಹೊರಗಿನವರಿಗೆ! ಇಡ್ಲಿ ಬಂದೊಡನೆ ಅದರ ಬೆನ್ನ ಮೇಲೆ ಎರಡು ಬೆರಳಿಟ್ಟು, ಪಂಡಿತರು ನಾಡಿ ಹಿಡಿಯುವಂತೆ ಹಿಡಿಯುವರು. ಆಮೇಲೆ ಸಾಂಬಾರು. ಒಂದು ಚಮಚ ಬಾಯಿಗೆ ಬಿಟ್ಟುಕೊಂಡು ಕಣ್ಣುಮುಚ್ಚುವರು. ಗಲ್ಲಾದಲ್ಲಿ ಕೂತ ಮಾಲಕರು, ಅಂದರೆ ಹಳೆಯ ಸೇಟ್, ಚಿಲ್ಲರೆಯ ಸದ್ದನ್ನು ನಿಲ್ಲಿಸಿ ಕಾಯುವರು.

"ಹೇಗುಂಟು ರಾಯ್ರೇ?"

"ಹಾಗೇ ಉಂಟು."

ಅಷ್ಟೆ. ಸೇಟ್ ನೆಮ್ಮದಿಯಾಗಿ ದೇವರ ಪಟಕ್ಕೆ ಊದುಬತ್ತಿ ಹಚ್ಚುವರು. ಚೆನ್ನಾಗಿದೆ, ರುಚಿಯಾಗಿದೆ ಎಂಬ ಮಾತುಗಳು ಮಾವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ನಿನ್ನೆಯಂತೆ ಇವತ್ತೂ ಇದೆ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಗೊತ್ತಿರಲಿಲ್ಲ. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಪಾಸಾಗಿ ಅಂಕಪಟ್ಟಿ ತೋರಿಸಿದಾಗ ಅವರು ಹೇಳಿದ್ದು ಬರೀ "ಹ್ಞಂ". ಅವರ ಲೆಕ್ಕದಲ್ಲಿ ನಾನು ಸಾಂಬಾರಿಗಿಂತ ಒಂದು ದರ್ಜೆ ಕೆಳಗೆ.

ಕೈತೊಳೆಯಲು ಏಳುವಾಗ ಮಾವ ಕುರ್ಚಿಯ ಮೇಲೆ ಕರ್ಚೀಫು ಹಾಸುತ್ತಿದ್ದರು. ಬೇಸಿನ್ನು ಇದ್ದದ್ದು ಕೈಯಳತೆಯ ದೂರದಲ್ಲಿ, ಕೂತಲ್ಲಿಂದಲೇ ತೊಳೆಯಬಹುದಿತ್ತು! ಆದರೂ ಕರ್ಚೀಫು ಬೀಳಲೇಬೇಕು. ಲೋಕಲ್ ಟ್ರೇನಿನಲ್ಲಿ ಆಯುಷ್ಯ ಕಳೆದವರಿಗೆ ಇದು ಅರ್ಥವಾಗುತ್ತದೆ. ಕಿಟಕಿಯಿಂದ ಕರ್ಚೀಫು ಎಸೆದು ಹಿಡಿದ ಸೀಟಿನ ಮೇಲೆ ಎಂಥ ಪುಂಡನೂ ಕೂರುವುದಿಲ್ಲ. ಸರಕಾರ ಬದಲಾಗಬಹುದು, ಕಾನೂನು ಬದಲಾಗಬಹುದು, ಡೊಂಬಿವಲಿಯಲ್ಲಿ ಕರ್ಚೀಫಿನ ಮರ್ಯಾದೆ ಬದಲಾಗದು.

ಮಾವನಿಗೆ ಇನ್ನೊಂದು ಆಸೆಯಿತ್ತು. ಗಲ್ಲಾದಲ್ಲಿ ಕೂರುವ ಆಸೆ. ಹಳೆಯ ಸೇಟ್ ಊಟಕ್ಕೋ ಸ್ನಾನಕ್ಕೋ ಎದ್ದಾಗ ಬೇರೆ ಯಾರಾದರೂ ಅಲ್ಲಿ ಕೂರುತ್ತಿದ್ದರು. ಹಾಗೆ ಕೂರಿಸುವಾಗ ಸೇಟ್ ಕಣ್ಣು ಒಮ್ಮೆಯೂ ಬೇಸಿನ್ನಿನ ಕಡೆಗೆ ಹರಿದದ್ದಿಲ್ಲ. ಮಾವ ಕಾಫಿಯ ಲೋಟದ ಅಂಚಿನ ಮೇಲಿಂದ ಗಲ್ಲಾವನ್ನೇ ನೋಡುತ್ತಿದ್ದರು. ಒಮ್ಮೆ ನನಗೆ ಹೇಳಿದ್ದರು: "ಮನುಷ್ಯ ಜೀವನದಲ್ಲಿ ಒಂದು ಸಲವಾದ್ರೂ ಅಲ್ಲಿ ಕೂತು ನೋಡ್ಬೇಕು ಮಾರಾಯ. ಅಲ್ಲಿಂದ ನೋಡಿದ್ರೆ ಸಾಹೇಬನೂ ಒಂದೇ, ಹಮಾಲನೂ ಒಂದೇ. ಎಲ್ಲ ಹಸಿದವರೇ."

ಇಂಥ ಹೋಟೆಲು ಕೈ ಬದಲಾಯಿಸಿದರೆ ಏನಾಗಬೇಡ!

ಸುದ್ದಿ ನನಗೆ ತಲುಪಿದ ರೀತಿಯನ್ನೇ ನೋಡಿ. ಆಫೀಸಿನಲ್ಲಿದ್ದೆ. ಮಾವನ ಫೋನು. "ಮುಗೀತು," ಅಂದರು. ದನಿ ಬಿದ್ದುಹೋಗಿತ್ತು.

"ಯಾರು ಮಾವ?" ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

"ಹೋಟೆಲು."

ನಾನು ಗಾಬರಿಯಲ್ಲಿ ಅರ್ಧ ದಿನ ರಜೆ ಹಾಕಿ, ಸಾವಿನ ಮನೆಗೆ ಹೋಗುವವನಂತೆ ಮುಖ ಮಾಡಿಕೊಂಡು ಸ್ಲೋ ಲೋಕಲ್ ಹಿಡಿದೆ. ಹೋದರೆ ನಿಜಕ್ಕೂ ಅಲ್ಲಿ ಸಾವಿನ ಮನೆಯೇ! ಹಳೆಯ ಗಿರಾಕಿಗಳೆಲ್ಲ ತಲೆ ತಗ್ಗಿಸಿಕೊಂಡು ಕಾಫಿ ಕುಡಿಯುತ್ತಿದ್ದಾರೆ. ಹಳೆಯ ಸೇಟ್ ಮಂಡಿನೋವಿನಿಂದ ಸೋತು ಹೋಟೆಲನ್ನು ಮಾರುತ್ತಾರಂತೆ. ಕೊಳ್ಳುವವರು ಕಾಮೋಠೆಯಲ್ಲಿ ಮೆಸ್ ನಡೆಸುತ್ತಿದ್ದ ನಮ್ಮೂರ ಕಡೆಯ ಹೆಂಗಸಂತೆ. ಗಲ್ಲಾದಲ್ಲಿ ಅವರೇ ಕೂರುತ್ತಾರಂತೆ!

"ಹೆಣ್ಮಗಳು ಗಲ್ಲಾದಾಗ ಕುಂತ್ರ ನಾವು ಇಲ್ಲಿ ತಾಸುಗಟ್ಲೆ ಕುಂದ್ರೂದು ಹೆಂಗ್ರೀ?" ಅಂದರು ಗದಗ ಕಡೆಯ ನಿವೃತ್ತ ಮಾಸ್ತರು. ಅವರು ಮಾವನ ಎದುರು ಟೇಬಲ್ಲಿನವರು, ಒಂದು ಕಾಫಿಯಲ್ಲಿ ಇಡೀ ಪತ್ರಿಕೆ ಮುಗಿಸುವವರು. ಅವರ ಆತಂಕ ಸಹಜವೇ. ಹೆಂಗಸರ ಕಣ್ಣಿಗೆ ಖಾಲಿ ಲೋಟ ಬೇಗ ಬೀಳುತ್ತದೆ.

"ಅದು ಬಿಡಿ ಮಾಸ್ತರೇ," ಮಾವ ಬಟ್ಟಲನ್ನು ಮುಂದೆ ತಳ್ಳಿದರು. "ಸಾಂಬಾರು ನೋಡಿ. ಈಗ್ಲೇ ನೀರಾಗಿದೆ."

"ಹೌದ್ರೀ. ಸಪ್ಪಗೂ ಆಗೇತಿ."

ಪಕ್ಕದ ಟೇಬಲ್ಲಿನಿಂದ ಯಾರೋ ಮರಾಠಿಯಲ್ಲಿ "ಚವ್ ಬದಲ್ಲೀ ಹೋ!" ಎಂದು ರುಚಿ ಕೆಟ್ಟದ್ದಕ್ಕೆ ನಿಟ್ಟುಸಿರು ಬಿಟ್ಟರು. ನಾನೂ ಒಂದು ಚಮಚ ಕುಡಿದು ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ಗೊತ್ತಾಯಿತು, ಆ ಹೊತ್ತಿಗೆ ವ್ಯಾಪಾರವೇ ಕುದುರಿರಲಿಲ್ಲ! ಆಕೆ ಹಿಂದಿನ ದಿನ ಬಂದು, ಜಾಗ ನೋಡಿ, ಒಂದು ಚಹಾ ಕುಡಿದು ಹೋಗಿದ್ದರು, ಅಷ್ಟೆ. ಅವರ ನೆರಳು ಬಿದ್ದದ್ದಕ್ಕೇ ನಮ್ಮ ನಾಲಗೆಗೆ ಸಾಂಬಾರು ತೆಳ್ಳಗಾಗಿತ್ತು.

ಹೊಸ ಮಾಲಕಿ ಬಂದರು. ಹೋಟೆಲಿನವರು ಅಕ್ಕ ಎಂದರು, ಗಿರಾಕಿಗಳೂ ಅಕ್ಕ ಎಂದರು. ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದ ಮಾವ ಏನೂ ಎನ್ನಲಿಲ್ಲ. ಮೊದಲ ದಿನವೇ ಅಕ್ಕ ಯಾರಿಂದಲೋ ಪದ್ಧತಿ ತಿಳಿದುಕೊಂಡು, ಮಾವ ಸಾಂಬಾರಿನ ಚಮಚ ಬಾಯಿಗಿಟ್ಟ ಗಳಿಗೆಗೆ ಸರಿಯಾಗಿ ಗಲ್ಲಾದಿಂದ ಕೇಳಿದರು: "ಹೇಗುಂಟು ರಾಯ್ರೇ?"

ಹೋಟೆಲೆಲ್ಲ ಕಿವಿಯಾಯಿತು. ಮಾವ ಕಣ್ಣುಬಿಟ್ಟರು. ಗೋಡೆ ನೋಡಿದರು.

"ಉಂಟು," ಅಂದರು.

ಬರೀ "ಉಂಟು"! ಮುಂದಿನ ಮಾತೇ ಇಲ್ಲ. ಅಕ್ಕನ ಕೈಯಲ್ಲಿದ್ದ ಊದುಬತ್ತಿ ಹಚ್ಚದೆಯೇ ಉಳಿಯಿತು. ಒಬ್ಬ ಮುದುಕ ಒಂದು ಪದವನ್ನು ಬಿಟ್ಟು ಮಾತಾಡಿದರೆ ಇಷ್ಟು ನೋವು ಕೊಡಬಹುದೆಂದು ನನಗೆ ಆವತ್ತೇ ತಿಳಿದದ್ದು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಆಮೇಲೆ ಅಕ್ಕ ಕೇಳುವುದನ್ನೇ ಬಿಟ್ಟರು.

ಕೇಳುವುದನ್ನು ಬಿಟ್ಟರೂ ದೂರು ನಿಲ್ಲಬೇಕಲ್ಲ? ಒಂದು ಭಾನುವಾರ ಮಾವ ಎಲ್ಲರೆದುರು ಬಟ್ಟಲು ಎತ್ತಿ ಹಿಡಿದರು. "ಮೊದಲಿನ ಸಾಂಬಾರು ಇದಲ್ಲ."

ಅಕ್ಕ ಒಳಗಿನಿಂದ ಭಟ್ಟರನ್ನು ಕರೆಸಿದರು. ಭಟ್ಟರು ಆ ಅಡುಗೆಮನೆಯಲ್ಲೇ ಮೀಸೆ ಹಣ್ಣಾಗಿಸಿಕೊಂಡವರು. ಹಳೆಯ ಸೇಟ್ ಕಾಲದಿಂದಲೂ ಸಾಂಬಾರು ಅವರದೇ.

"ರಾಯ್ರೇ, ಕೈ ನನ್ದೇ, ಸೌಟು ಅದೇ, ಹಂಡೆ ಅದೇ. ಬದಲಾದ್ದು ಎಂತದು?" ಭಟ್ಟರು ಬೆವರೊರೆಸುತ್ತ ಕೇಳಿದರು.

"ಕೈ ಅದೇ ಇರ್ಬಹುದು ಭಟ್ರೇ. ಮನಸ್ಸು ಅದೇ ಉಂಟಾ?"

ಭಟ್ಟರು ತಮ್ಮ ಎದೆಯನ್ನೇ ಮುಟ್ಟಿ ನೋಡಿಕೊಂಡರು. ಮಾವ ಅಷ್ಟಕ್ಕೆ ಬಿಡದೆ ನನ್ನ ಕಡೆ ತಿರುಗಿದರು. "ನನ್ನ ಅಳಿಯ ಕೆಮಿಸ್ಟ್ರಿ ಕಲ್ತವ. ಅವ ಹೇಳ್ಲಿ."

ಅಂಕಪಟ್ಟಿಗೆ ಸಿಗದ ಗೌರವ ಕೊನೆಗೂ ಸಿಕ್ಕಿತ್ತು. ಬಿಡುತ್ತೇನೆಯೇ? ಎದ್ದು ನಿಂತೆ. ಬಟ್ಟಲನ್ನು ಬೆಳಕಿಗೆ ಹಿಡಿದೆ. ಮೂಸಿದೆ. ಒಂದು ಗುಟುಕು ಬಾಯಲ್ಲಿ ಹೊರಳಿಸಿ, "ಆಮ್ಲದ ಅಂಶ ಏರಿದೆ. ಮಸಾಲೆಯ ಪುಡಿಯಲ್ಲೇ ವ್ಯತ್ಯಾಸ. ಕೊತ್ತಂಬರಿ ಬೀಜ ಬೇರೆ ಕಡೆಯದು," ಎಂದು ತೀರ್ಪು ಕೊಟ್ಟೆ. ಮಾಸ್ತರು "ಭಲೆ!" ಅಂದರು.

ಅಕ್ಕ ತಣ್ಣಗೆ ಹೇಳಿದರು: "ಪುಡಿ ಹಳೇ ಸೇಟ್ ಬಿಟ್ಟು ಹೋದ ಡಬ್ಬದ್ದೇ. ಅದು ಖಾಲಿಯಾಗದೆ ಹೊಸತು ಮಾಡುದು ಬೇಡ ಅಂತ ನಾನೇ ಹೇಳಿದ್ದೆ."

ನಾನು ಕೂತೆ. ಭಟ್ಟರು ಮೀಸೆಯೊಳಗೇ ನಕ್ಕು ಒಳಗೆ ಹೋದರು. ಮಾವ ನನ್ನ ಕಿವಿಯ ಹತ್ತಿರ ಬಗ್ಗಿ, "ಇದಕ್ಕಾ ನಿನ್ನನ್ನು ಕಾಲೇಜಿಗೆ ಕಳಿಸಿದ್ದು?" ಎಂದರು.

ನಿಜವಾದ ಯುದ್ಧ ಶುರುವಾದದ್ದು ಟೇಬಲ್ಲಿನ ವಿಷಯಕ್ಕೆ. ಮಾವನ ತಲೆಯ ಮೇಲೆ ಸೀಲಿಂಗಿನಲ್ಲಿ ಒಂದು ಹಳದಿ ಕಲೆಯಿತ್ತು. ಮಹಡಿಯ ಫ್ಲಾಟಿನ ಬಚ್ಚಲಿನಿಂದ ನೀರು ಜಿನುಗಿ ಆದದ್ದು. ಮಾವನಿಗೆ ಅದರ ಮೇಲೆ ಪ್ರೀತಿ. "ಭಾರತದ ನಕ್ಷೆ ನೋಡು," ಎಂದು ನನಗೆ ತೋರಿಸುತ್ತಿದ್ದರು. ಆ ವರ್ಷ ಮಳೆ ಹಿಡಿದ ಮೇಲೆ ಕೆಳಗಡೆ ಶ್ರೀಲಂಕೆಯೂ ಮೂಡಿತು. ನೋಡನೋಡುತ್ತ ಪೂರ್ವದಲ್ಲಿ ಬರ್ಮಾ ಸೇರಿತು, ಪಶ್ಚಿಮದಲ್ಲಿ ದೇಶ ಅಫ್ಘಾನಿಸ್ತಾನದವರೆಗೆ ಹಬ್ಬಿತು. ಮಾವ ಚಕ್ರವರ್ತಿಯಂತೆ ಅದರ ಕೆಳಗೆ ಕೂತು ಇಡ್ಲಿ ತಿನ್ನುತ್ತಿದ್ದರು.

ಅಕ್ಕ ಮಹಡಿಯವರಿಗೆ ಹೇಳಿದರು, ಕಟ್ಟಡದ ಸೊಸೈಟಿಯವರಿಗೆ ಹೇಳಿದರು. "ಮಳೆ ಮುಗೀಲಿ, ನೋಡೋಣ" ಎಂಬ ಉತ್ತರ ಬಂತು. ಕಾಯುವಷ್ಟು ಧೈರ್ಯ ಅಕ್ಕನಿಗಿರಲಿಲ್ಲ. ಆ ಮೂಲೆಯ ಟೇಬಲ್ಲುಗಳನ್ನೆಲ್ಲ ಈಚೆಗೆ ಎಳೆಸಿದರು. ಬೆಳಗ್ಗೆ ಮಾವ ಬಂದು ನೋಡುತ್ತಾರೆ, ತಮ್ಮ ಟೇಬಲ್ಲು ಗಲ್ಲಾದ ಪಕ್ಕದಲ್ಲಿ!

"ಮೇಲೆ ನೀರು ಇಳೀತದೆ ರಾಯ್ರೇ. ಅದಕ್ಕೆ ಸರಿಸಿದ್ದು. ಸ್ವಲ್ಪ ದಿನ ಇಲ್ಲೇ ಕೂತ್ಕೊಳ್ಳಿ."

"ನೀರು ನನ್ನ ತಲೆ ಮೇಲೆ ಇಳೀತದೆ. ನಿಮ್ಗೆಂತ ಕಷ್ಟ?"

ಹೊಸಬರು ಬಂದು ಹಳೆಯ ಗಿರಾಕಿಯ ಟೇಬಲ್ಲನ್ನು ಸರಿಸುವುದೆಂದರೆ ಏನರ್ಥ? ನೀನಿಲ್ಲಿ ಬೇಡ ಎಂದೇ ಅರ್ಥ! ಹಾಗೆಂದು ಮಾವನಿಗೆ ಖಾತ್ರಿಯಾಗಿತ್ತು. ಅವರು ಒಂದು ತುದಿ ಹಿಡಿದರು, ಮಾಸ್ತರು ಇನ್ನೊಂದು ತುದಿ ಹಿಡಿದರು, ನಾನು ಚಟ್ನಿಯ ಬಟ್ಟಲನ್ನು ಹಿಡಿದುಕೊಂಡು ಹಿಂದಿನಿಂದ ನಡೆದೆ. ಮೆರವಣಿಗೆ ಬೇಸಿನ್ನಿನ ಬಳಿಗೆ ಹೋಗಿ ಮುಟ್ಟಿತು. ಮಧ್ಯಾಹ್ನ ಮಾವ ಎದ್ದು ಹೋದೊಡನೆ ಅಕ್ಕ ಅದನ್ನು ಈಚೆಗೆ ಎಳೆಸಿದರು. ಮರುದಿನ ಬೆಳಗ್ಗೆ ಮಾವ ಮತ್ತೆ ಆಚೆಗೆ ಎಳೆದರು. ಮುಂಬಯಿಯ ಲೋಕಲ್ಲಿನಂತೆ ಆ ಬಡ ಟೇಬಲ್ಲು ಹೋಗುವುದೂ ಬರುವುದೂ ನಡೆದೇ ಇತ್ತು. ಅದರ ಕಾಲುಗಳು ಸವೆದವೇ ಹೊರತು ಇಬ್ಬರ ಹಟ ಸವೆಯಲಿಲ್ಲ.

ಇನ್ನು ಮೊದಲೇ ಹೇಳಿದ ಆ ಭಾನುವಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದೂ ಇದೂ ಹೇಳುತ್ತ ಸುತ್ತಿ ಬಳಸಿ ಬಂದದ್ದೇ ಅಲ್ಲಿಗೆ ತಲುಪುವುದು ಬೇಡವೆಂದು.

ಹೊರಗೆ ಜೋರು ಮಳೆ. ಹೋಟೆಲು ತುಂಬಿತ್ತು. ಬೇಸಿನ್ನಿನ ಮೂಲೆಯಲ್ಲಿ ಮಾತ್ರ ಮಾವನದೊಂದೇ ಟೇಬಲ್ಲು, ದ್ವೀಪದ ಹಾಗೆ. ನಾನು ಎದುರಿಗೆ ಕೂತಿದ್ದೆ. ನನಗೆ ಮಸಾಲೆ ದೋಸೆ, ಅವರಿಗೆ ಇಡ್ಲಿ. ಮಾವನ ಬೋಳು ತಲೆಯ ಮೇಲೆ ಏನೋ ಬಿಳಿ ಪುಡಿ ಕಂಡಿತು. ದೇವಸ್ಥಾನಕ್ಕೆ ಹೋಗಿ ಬಂದಿರಬೇಕು, ವಿಭೂತಿ ಎಂದುಕೊಂಡೆ. ನೋಡಿ ನನ್ನ ಬುದ್ಧಿಯನ್ನು! ವಿಭೂತಿಯನ್ನು ನಡುನೆತ್ತಿಗೆ ಯಾರು ಹಚ್ಚುತ್ತಾರೆ? ಸುಣ್ಣದ ರಾಸಾಯನಿಕ ಸೂತ್ರವನ್ನು ನಿದ್ದೆಯಲ್ಲೂ ಹೇಳಬಲ್ಲ ನನಗೆ, ಕಣ್ಣೆದುರು ಉದುರುತ್ತಿದ್ದದ್ದು ಸುಣ್ಣವೆಂದು ಹೊಳೆಯಲಿಲ್ಲ.

ಗಲ್ಲಾದಿಂದ ಅಕ್ಕ ಕರೆದರು. "ರಾಯ್ರೇ."

ಮಾವ ಕತ್ತು ತಿರುಗಿಸಲಿಲ್ಲ.

"ರಾಯ್ರೇ, ಒಂದು ಉಪಕಾರ ಆಗ್ಬೇಕಿತ್ತು. ನಂಗೆ ಒಳಗೆ ಸ್ವಲ್ಪ ಕೆಲ್ಸ ಉಂಟು. ನಂಬಿಕೆಯವರು ಬೇರೆ ಯಾರೂ ಇಲ್ಲ. ನೀವು ಬಂದು ಗಲ್ಲಾದಲ್ಲಿ ಕೂತ್ಕೊಳ್ತೀರಾ? ಈಗ್ಲೇ?"

ಅಕ್ಕನ ದನಿ ನಡುಗುತ್ತಿತ್ತು. ಮಾವ ಅದನ್ನು ಗೌರವದ ನಡುಕವೆಂದು ತಿಳಿದರು. ಅವರ ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿತ್ತು. ನನ್ನ ಮುಖ ನೋಡಿದರು. ಕಿವಿಗೆ ಸರಿಯಾಗಿ ಕೇಳಿಸಿತೇ ಎಂದು ಕೇಳುವ ನೋಟ. ಆಮೇಲೆ ಎದ್ದರು. ಅಂಗಿಯ ಗುಂಡಿ ಸರಿಮಾಡಿಕೊಂಡರು. ಪದ್ಧತಿ ಬಿಡದೆ ಕುರ್ಚಿಯ ಮೇಲೆ ಕರ್ಚೀಫು ಹಾಸಿದರು. ಪಟ್ಟಾಭಿಷೇಕಕ್ಕೆ ಹೊರಟ ರಾಜನೂ ಅಷ್ಟು ನಿಧಾನವಾಗಿ ನಡೆದಿರಲಾರ!

ಅಂಥ ದೃಶ್ಯ ತಪ್ಪಿಸಿಕೊಳ್ಳುವವನೇ ನಾನು? ಅಮ್ಮನಿಗೆ ಫೋಟೋ ಕಳಿಸಬೇಕೆಂದು ಮೊಬೈಲು ತೆಗೆದು ಮಾವನ ಹಿಂದೆಯೇ ಎದ್ದೆ. ದೋಸೆಯ ತಟ್ಟೆಯನ್ನೂ ಒಯ್ದೆ. ಭಾನುವಾರದ ಗದ್ದಲದಲ್ಲಿ ಅರ್ಧ ದೋಸೆಯನ್ನು ಬಿಟ್ಟು ಎದ್ದರೆ ಟೇಬಲ್ ಒರೆಸುವವರು ಅದನ್ನೂ ಒರೆಸಿಬಿಡುತ್ತಾರೆ. ನಾನು ಇವತ್ತು ಬದುಕಿರುವುದು ಹೀಗೆ ಒಂದು ಕುಚೇಷ್ಟೆಯಿಂದ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮಾವ ಗಲ್ಲಾದ ಎತ್ತರದ ಕುರ್ಚಿಯ ಮೇಲೆ ಕೂತರು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹರಡಿದರು. ಎದುರಿಗಿದ್ದ ಹಸಿದ ಜಗತ್ತನ್ನೆಲ್ಲ ಒಮ್ಮೆ ನೋಡಿ ಮುಗುಳ್ನಕ್ಕರು. ನಾನು ಫೋಟೋ ಒತ್ತಿದೆ.

ಆಗ ಸದ್ದು.

ಬಾಂಬಿನ ಸದ್ದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ಇದು ಒಂದು ಲಾರಿ ತುಂಬ ಕಲ್ಲನ್ನು ಒಂದೇ ಸಲಕ್ಕೆ ಸುರಿದಂತಿತ್ತು. ಬೆನ್ನಿಗೆ ಗಾಳಿ ಹೊಡೆಯಿತು. ಬಿಳಿ ಧೂಳು ಕಣ್ಣು ಮುಚ್ಚಿಸಿತು. ತಿರುಗಿ ನೋಡಿದರೆ, ಭಾರತ, ಬರ್ಮಾ, ಶ್ರೀಲಂಕೆ ಸಮೇತ ಇಡೀ ಸಾಮ್ರಾಜ್ಯ ಮಾವನ ಕುರ್ಚಿಯ ಮೇಲೆ ಬಿದ್ದಿತ್ತು. ಟೇಬಲ್ಲಿನ ಒಂದು ಕಾಲು ಮುರಿದು ಅದು ಮಂಡಿಯೂರಿತ್ತು. ಫ್ಯಾನು ತುಕ್ಕು ಹಿಡಿದ ಸರಳಿಗೆ ಜೋತುಕೊಂಡು ಇನ್ನೂ ತಿರುಗುತ್ತಲೇ ಇತ್ತು. ನಾನು ಕೂತಿದ್ದ ಕುರ್ಚಿ ಎಲ್ಲಿತ್ತೆಂದೇ ತಿಳಿಯಲಿಲ್ಲ.

ಅಂಥ ಹೊತ್ತಿನಲ್ಲಿ ವಿದ್ಯಾವಂತನಾದವನು ಏನು ಮಾಡಬೇಕು? ಮೇನ್ ಸ್ವಿಚ್ ಆರಿಸಬೇಕು, ಜನರನ್ನು ಹೊರಗೆ ಕಳಿಸಬೇಕು. ನಾನು ಮಾಡಿದ್ದು ದೋಸೆ ತಿಂದದ್ದು. ಹೌದು! ಸುಣ್ಣದ ಧೂಳು ಕೂತ ದೋಸೆಯನ್ನು ನಿಂತಲ್ಲೇ ಒಂದೊಂದೇ ತುಂಡು ಮುರಿದು ತಿನ್ನುತ್ತಿದ್ದೆನಂತೆ. ಭಟ್ಟರು ಬಂದು ತಟ್ಟೆ ಕಿತ್ತುಕೊಳ್ಳುವಾಗ ನಾನು "ಸ್ವಲ್ಪ ಚಟ್ನಿ" ಎಂದೆನಂತೆ. ನನಗೆ ನೆನಪಿಲ್ಲ. ಆದರೆ ನೋಡಿದವರು ಮರೆಯಲು ಬಿಡುವುದಿಲ್ಲ.

ಮಾವನದು ಇನ್ನೊಂದು ಬಗೆ. ಜನ ಕಿರುಚುತ್ತ ಬಾಗಿಲಿಗೆ ನುಗ್ಗುವಾಗ ಒಬ್ಬ ಪ್ರಾಮಾಣಿಕ ಗಿರಾಕಿ ನೋಟು ಚಾಚಿದ. ಮಾವ ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಚಿಲ್ಲರೆ ಕೊಟ್ಟು, "ಪುನಃ ಬನ್ನಿ," ಎಂದರು. ಅಕ್ಕ ಬಂದು ಎರಡೂ ತೋಳು ಹಿಡಿದು ಇಳಿಸುವವರೆಗೆ ಅವರು ಏಳಲಿಲ್ಲ. ಹೊರಗೆ ಮಳೆಯಲ್ಲಿ ನಿಂತು ತಮ್ಮ ಕುರ್ಚಿಯ ಕಡೆ ಬೆರಳು ತೋರಿಸಿದರು.

"ಕರ್ಚೀಫು ಹಾಕಿದ್ದೆನಲ್ಲ ಮಾರಾಯ!"

ಡೊಂಬಿವಲಿಯ ಸೀಲಿಂಗಾಗಿದ್ದೂ ಅದಕ್ಕೆ ಕರ್ಚೀಫಿನ ಮರ್ಯಾದೆ ತಿಳಿಯದೆ ಹೋಯಿತು.

ಯಾರಿಗೂ ಗಾಯವಾಗಲಿಲ್ಲ. ಆಮೇಲೊಂದು ದಿನ ನಾನು ಅಕ್ಕನನ್ನು ಕೇಳಿದೆ: "ಸುಣ್ಣ ಉದುರುವುದು ಕಂಡಾಗ 'ಏಳಿ' ಅಂತ ಕೂಗಬಾರದಿತ್ತಾ?"

"ಕೂಗಿದ್ರೆ ಏಳ್ತಿದ್ರಾ? ಮೊದ್ಲು ವಾದ ಮಾಡ್ತಿದ್ರು. ಟೇಬಲ್ ಬಿಡಿ ಅಂದ್ರೆ ಇನ್ನೂ ಗಟ್ಟಿ ಕೂರುವ ಜನ!" ಅಕ್ಕ ನಕ್ಕರು. ನಗು ಅರ್ಧದಲ್ಲೇ ನಿಂತಿತು. "ದಿನಾ ಗಲ್ಲಾ ನೋಡ್ತಿದ್ರಲ್ಲ, ಮಕ್ಕಳು ಮಿಠಾಯಿ ನೋಡಿದ ಹಾಗೆ. ಅದೊಂದೇ ನೆನಪಾಯ್ತು ನಂಗೆ."

ಮೊಬೈಲಿನಲ್ಲಿ ಆ ಫೋಟೋ ಇನ್ನೂ ಇದೆ. ಮಾವ ನಗುತ್ತಿದ್ದಾರೆ. ಸದ್ದು ಇನ್ನೂ ಅವರ ಕಿವಿಗೆ ತಲುಪಿಲ್ಲ. ನಾನು ಎಷ್ಟು ಸಲ ಅದನ್ನು ತೆಗೆದು ನೋಡಿದ್ದೇನೋ! ನೋಡಿದಾಗಲೆಲ್ಲ ಆ ಗಳಿಗೆ ಮುಂದಕ್ಕೆ ಓಡುತ್ತದೆ. ಮಾವ ಬೇಡವೆಂದಿದ್ದರೆ? ಗುಂಡಿ ಸರಿಮಾಡಿಕೊಳ್ಳಲು ಇನ್ನೂ ಸ್ವಲ್ಪ ತಡಮಾಡಿದ್ದರೆ? ನಾನು ದೋಸೆ ಮುಗಿಸಿ ಎದ್ದರಾಯಿತು ಎಂದುಕೊಂಡಿದ್ದರೆ?

ಸೀಲಿಂಗಿನ ದುರಸ್ತಿಯಾಯಿತು. ಮಹಡಿಯ ಬಚ್ಚಲೂ ಸರಿಯಾಯಿತು. ಅಕ್ಕ ಬಣ್ಣ ಹೊಡೆಸಿ, ಬಾಗಿಲಿಗೆ ಗೊಂಡೆ ಹೂವಿನ ತೋರಣ ಕಟ್ಟಿ ಹೋಟೆಲು ತೆರೆದರು. ಜನವೂ ಬಂದರು. ಬಾಗಿಲವರೆಗೆ! ಒಳಗೆ ಕಾಲಿಡುವವರು ಮಾತ್ರ ಯಾರೂ ಇಲ್ಲ. "ಪಾರ್ಸೆಲ್ ಕೊಡಿ," ಎಂದು ಹೊಸ್ತಿಲಿನಾಚೆ ನಿಲ್ಲುವರು. ಫುಟ್‌ಪಾತಿನಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಇಡ್ಲಿ. ಮಾಸ್ತರಂತೂ ಗೋಡೆಗೆ ಒರಗಿ ನೆನೆಯುತ್ತಲೇ ಕಾಫಿ ಕುಡಿದು, "ಹೊರಗ ಗಾಳಿ ಭಾಳ ಚಲೋ ಐತ್ರಿ," ಅನ್ನುತ್ತಿದ್ದರು. ಒಳಗೆ ಖಾಲಿ ಟೇಬಲ್ಲುಗಳ ಸಾಲು. ಗಲ್ಲಾದಲ್ಲಿ ಅಕ್ಕ ಒಬ್ಬರೇ. ಕಾಮೋಠೆಯ ಮೆಸ್ಸನ್ನು ಮಾರಿ ಈ ಹೋಟೆಲು ಹಿಡಿದಿದ್ದರು. ಇದು ಮುಚ್ಚಿದರೆ ಹಿಂದಿರುಗಿ ಹೋಗಲು ಅದೂ ಇರಲಿಲ್ಲ.

ಮಾವನೋ, ಹೋಟೆಲಿನ ಕಡೆ ತಲೆಯನ್ನೇ ಹಾಕಿರಲಿಲ್ಲ. ಫ್ಲಾಟಿನಲ್ಲಿ ಹಾಸಿಗೆಯನ್ನು ಬಾಗಿಲ ಚೌಕಟ್ಟಿನ ಕೆಳಗೆ ಎಳೆದುಕೊಂಡು ಮಲಗುತ್ತಿದ್ದರು.

"ಕುಕ್ಕರಿನಲ್ಲಿದ್ದ ಕಾಲುಚೀಲಗಳನ್ನು ತೆಗೆದು ಅನ್ನ ಮಾಡಿದ್ದಾನಂತೆ," ಎಂದು ಅಮ್ಮ ಫೋನಿನಲ್ಲಿ ಅತ್ತಳು. ಇಷ್ಟು ವರ್ಷ ಅವನು ಅನ್ನ ಮಾಡಲಿಲ್ಲವೆಂದು ಅಳುತ್ತಿದ್ದವಳು ಈಗ ಮಾಡಿದ್ದಕ್ಕೆ ಅತ್ತಳು!

ಫುಟ್‌ಪಾತಿನ ಸಂಗತಿಯನ್ನು ಮಾವನಿಗೆ ಹೇಳಿದ್ದು ನಾನೇ, ನಗಿಸಬಹುದೆಂದು. ಮಾಸ್ತರ ಗಾಳಿಸೇವನೆಯನ್ನು ಅಭಿನಯಿಸಿಯೂ ತೋರಿಸಿದೆ. ಅವರು ನಗಲಿಲ್ಲ.

"ಒಳಗೆ ಯಾರೂ ಕೂರುದಿಲ್ವಾ?"

"ಇಲ್ಲ ಮಾವ."

"ಒಬ್ಬರೂ?"

"ಒಬ್ಬರೂ ಇಲ್ಲ."

ಎದ್ದು ಹೋಗಿ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. "ನಡಿ."

ಹೋಟೆಲಿನ ಬಾಗಿಲಲ್ಲಿ ಛತ್ರಿಗಳೆಲ್ಲ ಪಕ್ಕಕ್ಕೆ ಸರಿದವು. ಮಾವ ಹೊಸ್ತಿಲು ದಾಟಿ ಸೀದಾ ಒಳಗೆ ಹೋದರು. ಅವರ ಟೇಬಲ್ಲಿಗೆ ಅಕ್ಕ ಹೊಸ ಕಾಲು ಹಾಕಿಸಿ ಗಲ್ಲಾದ ಪಕ್ಕ ಇಟ್ಟಿದ್ದರು. ಮಾವ ಒಂದು ತುದಿ ಹಿಡಿದು ನನಗೆ, "ಹಿಡಿ," ಅಂದರು. ಈ ಸಲ ಚಟ್ನಿಯ ಬಟ್ಟಲು ಹಿಡಿಯುವ ಅವಕಾಶವಿರಲಿಲ್ಲ.

"ಬೇಡ ರಾಯ್ರೇ!" ಅಕ್ಕ ಗಲ್ಲಾದಿಂದ ಇಳಿದೇ ಬಂದರು. "ಇಲ್ಲೇ ಇರ್ಲಿ, ಗಲ್ಲಾದ ಹತ್ರ. ನಿಮ್ಗೂ ಇಷ್ಟ ಅಲ್ವಾ?"

"ಇಲ್ಲಿ ಕೂತ್ರೆ ರಸ್ತೆಗೆ ಕಾಣುದಿಲ್ಲ," ಅಂದರು ಮಾವ.

ಬಾಗಿಲಿನಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬೇಸಿನ್ನಿನ ಆ ಮೂಲೆಯೇ. ಟೇಬಲ್ಲನ್ನು ಅಲ್ಲಿಗೆ ಒಯ್ದು, ಹೊಸ ಪ್ಲಾಸ್ಟರಿನ ಕೆಳಗೆ ಸರಿಯಾಗಿ ಇಟ್ಟೆವು. ಮಾವ ಬಾಗಿಲಿಗೆ ಮುಖಮಾಡಿ ಕೂತರು. ನನ್ನನ್ನು ಎದುರಿಗೆ ಕೂರಲು ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡರು. ಇಡ್ಲಿ ಬಂತು. ನಾಡಿ ನೋಡಿದರು. ಒಂದು ಚಮಚ ಸಾಂಬಾರು ಬಾಯಿಗೆ ಬಿಟ್ಟುಕೊಂಡು ಕಣ್ಣುಮುಚ್ಚಿದರು. ಫುಟ್‌ಪಾತಿನಲ್ಲಿ ಮಾಸ್ತರ ಲೋಟ ತುಟಿಯ ಹತ್ತಿರವೇ ನಿಂತಿತು.

ಎಷ್ಟೋ ತಿಂಗಳ ಮೇಲೆ ಅಕ್ಕ ಕೇಳಿದರು. ಸಣ್ಣ ದನಿಯಲ್ಲಿ.

"ಹೇಗುಂಟು ರಾಯ್ರೇ?"

ಮಾವ ಕಣ್ಣುಬಿಟ್ಟರು. ಉತ್ತರ ಕೊಟ್ಟದ್ದು ಅಕ್ಕನಿಗಲ್ಲ, ಬಾಗಿಲಾಚೆಗೆ, ಮಳೆಯನ್ನೂ ರಿಕ್ಷಾಗಳನ್ನೂ ಮೀರಿ ಸ್ಟೇಷನ್ನಿನವರೆಗೆ ಕೇಳಿಸುವಂತೆ.

"ಹಾಗೇ ಉಂಟು!"

ಮಾಸ್ತರು ಛತ್ರಿ ಮಡಚಿದರು. ಒಂದು ಕಾಲು ಒಳಗಿಟ್ಟು, ಮೇಲೊಮ್ಮೆ ನೋಡಿ, ಇನ್ನೊಂದು ಕಾಲನ್ನೂ ಇಟ್ಟರು. ಅವರ ಹಿಂದೆ ಇನ್ನೊಬ್ಬರು ಬಂದರು. ಅಕ್ಕ ಬೆನ್ನು ತಿರುಗಿಸಿ ಊದುಬತ್ತಿ ಹಚ್ಚುತ್ತಿದ್ದರು. ಯಾಕೋ ಬಹಳ ಹೊತ್ತು ಅದು ಹತ್ತಲೇ ಇಲ್ಲ.

ಮಾವ ಬಲಗೈಯಲ್ಲಿ ಇಡ್ಲಿ ಮುರಿಯುತ್ತ ಒಳಬಂದವರಿಗೆಲ್ಲ ರಾಜಗಾಂಭೀರ್ಯದಿಂದ ತಲೆಯಾಡಿಸುತ್ತಿದ್ದರು. ಟೇಬಲ್ಲಿನ ಕೆಳಗೆ ಅವರ ಎಡಗೈ ನನ್ನ ಮೊಣಕಾಲನ್ನು ಹಿಡಿದುಕೊಂಡಿತ್ತು. ಓಡುವ ಲೋಕಲ್ಲಿನ ಬಾಗಿಲಲ್ಲಿ ನಿಂತವನು ಕಂಬ ಹಿಡಿದಂತೆ, ಉಗುರು ನಾಟುವಷ್ಟು ಗಟ್ಟಿಯಾಗಿ.

ನಾನು ನನ್ನ ಕೈಯನ್ನು ಅದರ ಮೇಲಿಟ್ಟೆ. ಇಡ್ಲಿ ಮುಗಿಯುವವರೆಗೂ ತೆಗೆಯಲಿಲ್ಲ. ಆವತ್ತು ಸೀಲಿಂಗ್ ನೋಡುವುದು ನನಗೆ ನೆನಪೇ ಆಗಲಿಲ್ಲ.